ರಾಮಪ್ಪನ ಮನೆಯವರು

ನಮ್ಮ ಅತ್ತಿಗೆ ಈರಮ್ಮನ ಬಾಯಲ್ಲಿ ಮನೆಯ ಗಂಡಸರ ಹೆಸರು ಬರುತ್ತಿರಲಿಲ್ಲ. ಗಂಡನಾದ ನಮ್ಮ ಅಣ್ಣ ‘ಅವರು’, ಮಾವನಾದ ನಮ್ಮ ಅಪ್ಪ ‘ಅವರು’, ಹಿರೇಕೊಟ್ನೆಕಲ್‌ನಲ್ಲಿ ಕುರಿ ಕಾಯುತ್ತಿದ್ದ ಅವಳ ತಂದೆಯೂ ‘ಅವರು’. ಯಾವ ಅವರು ಎಂಬುದನ್ನು ಸೆರಗು ನೋಡಿ ತಿಳಿಯಬೇಕಿತ್ತು. ಸೆರಗು ಹಣೆಯವರೆಗೆ ಇಳಿದರೆ ಅಪ್ಪ, ಕಿವಿಯ ಹಿಂದೆ ಸರಿದರೆ ಅಣ್ಣ, ಸೆರಗು ಮುಟ್ಟದೆ ಸುಮ್ಮನೆ ಬೀದಿ ನೋಡಿದರೆ ತವರಿನವರು. ಪಕ್ಕದ ಮನೆಯ ಹಂಪಮ್ಮನಿಗೆ ಈ ಲೆಕ್ಕ ಕಡೆಯವರೆಗೂ ಹತ್ತಲಿಲ್ಲ.

“ಅವರು ಅವರಿಗಾಗಿ ಕಾಯ್ಕೊಂತ ಕುಂತಾರ್ರೀ. ಅವರು ಬಂದಮ್ಯಾಲೆ ಉಣ್ತಾರಂತ” ಎಂದು ಅತ್ತಿಗೆ ಹೇಳಿದರೆ ಹಂಪಮ್ಮ ಹಣೆ ಬಡಿದುಕೊಳ್ಳುವಳು. “ಯವ್ವಾ, ನಿಮ್ಮನಿಯಾಗ ಎಷ್ಟು ಮಂದಿ ಗಂಡಸರದಾರ ಬೇ? ನಾ ಇಬ್ಬರಂತ ತಿಳಕೊಂಡಿದ್ದೆ!”

ಅತ್ತಿಗೆ ನನ್ನ ವಾರಿಗೆಯವಳೇ. ಅಗಲವಾದ ಮುಖ, ಚುರುಕಾದ ಕೈ. ರೊಟ್ಟಿ ಬಡಿಯುವಾಗಲೂ ತುರುಬಿನಲ್ಲಿ ಒಂದು ಬಳಪ ಸಿಕ್ಕಿಸಿಕೊಂಡಿರುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾಗಿ ನಮ್ಮ ಮನೆಗೆ ಸೊಸೆಯಾಗಿ ಬಂದವಳು. ಅದನ್ನು ಪಾಸು ಮಾಡಿದರೆ ಟೀಚರ್ ಟ್ರೇನಿಂಗ್‌ಗೆ ಹೋಗಬಹುದು ಎಂದು ಆಸೆ ಹುಟ್ಟಿಸಿದವರು ಅಪ್ಪ.

ಅಪ್ಪ ದೇವದುರ್ಗದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವ್ವ ತೀರಿಕೊಂಡಾಗ ನಾನು ಇನ್ನೂ ಸಣ್ಣವಳು. ಆವಾಗಿನಿಂದ ದಿನಾ ಸಂಜೆ ಅಂಗಳದಲ್ಲಿ ಹಗ್ಗದ ಹೊರಸಿನ ಮೇಲೆ ಅವರ ಬಲಕ್ಕೆ ಕೂತು ವ್ಯಾಕರಣ ಕಲಿತೆ. ಸರ್ವನಾಮವೆಂದರೆ ಅಪ್ಪನಿಗೆ ಬಹಳ ಪ್ರೀತಿ. ವಾಕ್ಯದಲ್ಲಿ ‘ಹೀ’ ಬಂದರೆ ಅದಕ್ಕೂ ಮೊದಲು ಒಬ್ಬ ಗಂಡಸು ಇರಬೇಕು, ‘ಶೀ’ ಬಂದರೆ ಒಬ್ಬ ಹೆಂಗಸು, ‘ದೇ’ ಬಂದರೆ ಹಲವರು. ಯಾರೂ ಇಲ್ಲದೆ ಸರ್ವನಾಮ ತಾನಾಗಿ ಬಂದು ಕೂರುವಂತಿಲ್ಲ. ನಾನು ಬರೆದ ಹಾಳೆಯಲ್ಲಿ ತಪ್ಪು ಇರುತ್ತಿರಲಿಲ್ಲ. ಅಪ್ಪ ಕೆಳಗೊಂದು ಗುರುತು ಹಾಕಿ “ಹ್ಞೂಂ” ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಮಾತು ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಎಂ.ಎ. ಓದಲು ಧಾರವಾಡಕ್ಕೆ ಹೋಗಿ ಮೊದಲ ರಜೆಗೆ ಬಂದಾಗ. ಅಪ್ಪ ಹೊರಸಿನ ಮೇಲೆ ಬೀದಿಗೆ ಮುಖ ಮಾಡಿ ಕೂತಿದ್ದರು. ಅತ್ತಿಗೆ ಬಾಗಿಲ ಒಳಗೆ, ಸೆರಗು ಹೊದ್ದು ನಿಂತಿದ್ದಳು. ಒಬ್ಬರ ಮುಖ ಒಬ್ಬರು ನೋಡದೆ ಪಾಠ ನಡೆದಿತ್ತು. ಅಪ್ಪನ ಕೈಯಲ್ಲಿ ಅವಳು ‘ನನ್ನ ಕುಟುಂಬ’ ಎಂದು ಬರೆದ ಪ್ರಬಂಧ.

“ಹೀ ಈಸ್ ಟಾಲ್. ಹೀ ಈಸ್ ಓಲ್ಡ್. ಯಾರವ್ವಾ ಇಂವ? ಹೆಸರೇ ಇಲ್ಲಲ್ಲ?”

“ಅವರ್ರೀ.”

“ಯಾವ ಅವರು? ನನ್ನ ಮಗನೋ, ನಾನೋ?”

“ಎತ್ತರದವರು ಅವರು. ವಯಸ್ಸಾದವರು... ಅವರಲ್ರೀ, ಅವರು.”

“ಮತ್ತ ಇಲ್ಲಿ ‘ದೇ’ ಅಂತ ಬರದೀಯಲ್ಲ, ಇವರು ಯಾರು?”

“ಅದೂ ನೀವೇ ರೀ. ನಿಮಗ ‘ಹೀ’ ಅಂತ ಬರೀಲಾಕ ಕೈ ಏಳಂಗಿಲ್ಲ.”

“ಅಲ್ಲವ್ವಾ, ಒಬ್ಬಾಂವಗ ‘ದೇ’ ಅನ್ನಾಕ ನಾನೇನು ದೇವದುರ್ಗದ ಸಂತಿಯೇನು?”

“ಮನಿಯಾಗ ನೀವೊಬ್ರಿದ್ರ ಸಂತಿ ಇದ್ದಂಗೇ ಅದ ರೀ.”

ಅಪ್ಪ ಕೆಮ್ಮು ಬರುವವರೆಗೆ ನಕ್ಕರು. ಆ ನಗುವನ್ನು ನಾನು ಅದೇ ಮೊದಲು ಕೇಳಿದ್ದು. ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ. “ಮೊದಲು ಹೆಸರು ಬರಬೇಕು, ಆಮೇಲೆ ಸರ್ವನಾಮ. ಇಷ್ಟೇ” ಎಂದೆ.

“ನೀ ಸುಮ್ಕಿರವ್ವಾ” ಎಂದರು ಅಪ್ಪ. “ಅಕಿ ಹುಡುಕ್ಲಿ.”

ಹೆಸರು ಹೇಳಬಾರದವಳಿಗೆ ಅಪ್ಪನೇ ದಾರಿ ಹುಡುಕಿದರು. “ನಮ್ಮ ಮನಿ ಬಿಡು. ಹೆಸರು ಹೇಳಿದ್ರ ಯಾರೂ ಏನೂ ಅನ್ನದ ಮನಿ ಒಂದು ಕಟ್ಟು. ಯಜಮಾನನ ಹೆಸರು ರಾಮಪ್ಪ ಅಂತಿರ್ಲಿ.” ಮರುದಿನ ಅವಳು ಬರೆದ ಮೊದಲ ವಾಕ್ಯದಲ್ಲಿ ರಾಮಪ್ಪ ತನ್ನ ಛತ್ರಿ ಕಳೆದುಕೊಂಡಿದ್ದ. ‘ಹಿಸ್’ ಇರಬೇಕಾದ ಕಡೆ ‘ಹರ್’ ಇತ್ತು.

“ರಾಮಪ್ಪ ಹೆಂಗಸಿನ ಛತ್ರಿ ಯಾಕ ಕಳದ?”

ಒಳಗಿನಿಂದ ಉತ್ತರ ಬಂತು: “ಅದು ಅವನ ಹೆಂಡ್ತಿ ಸೀತವ್ವಂದು ರೀ. ಮಳಿ ಬಂತಂತ ಕೇಳ್ಕೊಂಡು ಹೋಗಿದ್ದ.”

ಹೀಗೆ ಸೀತವ್ವ ಹುಟ್ಟಿದಳು. ಅತ್ತಿಗೆ ಒಬ್ಬನೇ ರಾಮಪ್ಪನಿಗೆ ‘ದೇ’ ಬರೆದ ದಿನ ಅವನಿಗೊಬ್ಬ ತಮ್ಮ ಬಂದ. ಎತ್ತಿಗೆ ‘ಶೀ’ ಬರೆದ ದಿನ ಕೊಟ್ಟಿಗೆಗೆ ಒಂದು ಎಮ್ಮೆ ಬಂತು. ಅವಳ ಪ್ರತಿ ತಪ್ಪಿಗೂ ಆ ಮನೆಯಲ್ಲಿ ಒಂದು ಜೀವ. ತಪ್ಪು ತಿದ್ದಿ ಆದಮೇಲೂ ಅವರು ಯಾರೂ ಹೋಗುತ್ತಿರಲಿಲ್ಲ. ಮಜ್ಜಿಗೆ ಕುಡಿಯುತ್ತ ಅಪ್ಪ ಕೇಳುವರು: “ರಾಮಪ್ಪನ ತಮ್ಮ ಮಟಮಾರಿಯಿಂದ ಬಂದನೇನವ್ವಾ?” “ಇನ್ನಾ ಇಲ್ರೀ, ಮುನಿಸ್ಕೊಂಡಾನ.” ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಹೊರಸಿನ ಮೇಲೆ ನನ್ನ ಜಾಗ ನನಗೇ ಇತ್ತು. ಅಪ್ಪ ಮಾತ್ರ ಅಲ್ಲಿರುತ್ತಿರಲಿಲ್ಲ.

ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಬೇರೆ ಹೆಸರು ಕೊಡಲು ನಾನು ಆಗ ಬಹಳ ಪ್ರಯತ್ನಪಟ್ಟೆ. ಮನೆಯ ಶಿಸ್ತು ಎಂದೆ, ಪರೀಕ್ಷೆಯ ಚಿಂತೆ ಎಂದೆ. ಅತ್ತಿಗೆ ನನಗೆ ಒಂದು ಕೆಟ್ಟ ಮಾತು ಆಡಿದವಳಲ್ಲ. ರಜೆಗೆ ಬಂದಾಗಲೆಲ್ಲ ತಲೆಗೆ ಎಣ್ಣೆ ಹಚ್ಚಿ ಎರೆಯುವಳು, ಧಾರವಾಡದ ಹುಡುಗಿಯರು ಹೇಗೆ ಜಡೆ ಹಾಕುತ್ತಾರೆಂದು ಕೇಳುವಳು. ಅವಳ ಬೆರಳು ನನ್ನ ಕೂದಲಲ್ಲಿದ್ದಾಗಲೂ ಮನಸ್ಸು ಸಡಿಲಾಗುತ್ತಿರಲಿಲ್ಲ.

ಅವಳು ಎರಡನೇ ಸಲಕ್ಕೆ ಇಂಗ್ಲಿಷ್ ಪಾಸಾದಳು. ಅಪ್ಪ ಓಣಿಗೆಲ್ಲ ಪೇಢೆ ಹಂಚಿದರು. ಅದೇ ವರ್ಷ ನನಗೆ ರಾಯಚೂರಿನ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಕೋಟೆಯ ಹತ್ತಿರ ಎರಡು ಖೋಲಿಯ ಮನೆ ಹಿಡಿದೆ. ಗಾಳಿ ಬರುವ ಕಿಟಕಿಯ ಬಳಿ ಅಪ್ಪನಿಗೆಂದೇ ಮಂಚ ಹಾಕಿಸಿದೆ. ಅಣ್ಣನಿಗೆ ಮಾನ್ವಿಯ ಕಾಲುವೆ ಆಫೀಸಿನಲ್ಲಿ ಕೆಲಸ. ದೇವದುರ್ಗದ ಮನೆ ಬಿಟ್ಟು ಹೆಂಡತಿಯನ್ನು ಅಲ್ಲಿಗೇ ಕರೆದುಕೊಳ್ಳುವ ಮಾತು ನಡೆದಿತ್ತು. ಇನ್ನು ಅಪ್ಪ ನನ್ನ ಬಳಿಗೆ ಬರುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ.

ಕಣ್ಣಿನ ಪೊರೆ ತೆಗೆಸಲು ಬಂದೇ ಬಂದರು. ಆರೈಕೆಗೆ ಅತ್ತಿಗೆಯೂ ಬಂದಳು. ಅಪ್ಪನ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ನಾನು ಬೆಳಿಗ್ಗೆ ಇಂಗ್ಲಿಷ್ ಪೇಪರನ್ನು ಒಂದು ಅಕ್ಷರ ಎಡವದೆ ಓದುತ್ತಿದ್ದೆ. ಎರಡು ಸುದ್ದಿ ಮುಗಿಯುವುದರೊಳಗೆ ಅಪ್ಪ ನಿದ್ದೆ ಹೋಗಿರುತ್ತಿದ್ದರು. ಕಾಲೇಜಿನಿಂದ ಬರುವಾಗ ಹೊರಗಿನಿಂದಲೇ ಅವರ ನಗು ಕೇಳುತ್ತಿತ್ತು. ಒಳಗೆ ಅತ್ತಿಗೆ ಬಾಗಿಲ ಮರೆಯಲ್ಲಿ ಕೂತು ಅದೇ ಪೇಪರನ್ನು ಕಾಳು ಆರಿಸಿದಂತೆ ಓದುತ್ತಿದ್ದಳು. ‘ಹಿಮ್’ ಬಂದಲ್ಲೆಲ್ಲ ನಿಲ್ಲುವಳು. “ಇಂವ ಯಾರ್ರೀ, ಮಂತ್ರಿನೋ, ಮಂತ್ರಿಗಿ ಹಾರ ಹಾಕಿದಾಂವನೋ?” ಅಪ್ಪ ದಿಂಬಿಗೆ ಒರಗಿದ್ದವರು ಎದ್ದು ಕೂರುವರು.

ಪಟ್ಟಿ ಬಿಚ್ಚಿದ ಸಂಜೆ, ಅತ್ತಿಗೆ ನೀರಿಗೆ ಹೋದ ಹೊತ್ತು ನೋಡಿ ಕೇಳಿದೆ. “ಯಪ್ಪಾ, ಇಲ್ಲೇ ಇರು. ಮಾನ್ವಿಯಾಗ ಅವರಿಗಿ ಒಂದೇ ಖೋಲಿ.”

ಅಪ್ಪ ನನ್ನ ಕೈ ಹುಡುಕಿ ಹಿಡಿದರು. “ನಿನಗ ಎಲ್ಲಾ ಬರ್ತದವ್ವಾ. ಅಕಿದು ಇನ್ನಾ ಟ್ರೇನಿಂಗ್ ಅದ.”

ಅಷ್ಟೇ. ಕೈ ಬಿಟ್ಟರು.

ಮರುದಿನ ಮಾನ್ವಿ ಬಸ್ಸಿಗೆ ಅವರನ್ನು ಹತ್ತಿಸಲು ಹೋದೆ. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಕೂತರು. ಅತ್ತಿಗೆ ಹಿಂದಿನ ಸೀಟಿನಲ್ಲಿ ಕೂತಳು. ಡ್ರೈವರ್ ಚಹಾ ಕುಡಿಯಲು ಹೋಗಿದ್ದ. ಕೇಳಬಾರದೆಂದುಕೊಂಡಿದ್ದನ್ನು ಕೇಳಿಬಿಟ್ಟೆ.

“ಯಪ್ಪಾ, ರಾಮಪ್ಪಗ ಮಗಳು ಇಲ್ಲೇನು?”

ಅಪ್ಪ ಕನ್ನಡಕದೊಳಗಿಂದ ನನ್ನ ಕಡೆ ತಿರುಗಿದರು. “ಅದಾಳಲ್ಲ. ಮೊದಲಿಂದ ಅದಾಳ. ಖರೆ, ಅಕಿ ಒಂದೂ ತಪ್ಪು ಮಾಡವಲ್ಲಳು. ಅಕಿದೇನು ಕತಿ ಕಟ್ಟೂದವ್ವಾ?”

ಅತ್ತಿಗೆ ಮುಂದಕ್ಕೆ ಬಾಗಿ, ಸೆರಗಿನ ಅಂಚಿನಿಂದ ನನ್ನನ್ನೇ ನೋಡಿ, “ಒಂದಾದ್ರೂ ಮಾಡಿಸೂನ್ರೀ, ಪಾಪ” ಎಂದಳು. ಇಬ್ಬರೂ ನಗುತ್ತಿರುವಾಗಲೇ ಬಸ್ಸು ಹೊರಟಿತು.

ಅಪ್ಪ ಮತ್ತೆ ರಾಯಚೂರಿಗೆ ಬರಲಿಲ್ಲ. ಮಾನ್ವಿಯಲ್ಲೇ, ಮಳೆಗಾಲಕ್ಕೆ ಮುಂಚೆ ತೀರಿಕೊಂಡರು. ಅತ್ತಿಗೆಯನ್ನು ನಾನು ಕೊನೆಯದಾಗಿ ನೋಡಿದ್ದು ಅಪ್ಪನನ್ನು ಮಣ್ಣು ಮಾಡಿದ ದಿನ, ಮಂದಿಯ ನಡುವೆ. ಆಮೇಲೆ ಅಣ್ಣನಿಗೆ ದೂರದೂರಿಗೆ ವರ್ಗವಾಯಿತು. ರಾಮಪ್ಪನ ಮಗಳು ಕಡೆಗೆ ಏನು ತಪ್ಪು ಮಾಡಿದಳು, ಅದಕ್ಕೆ ಅಪ್ಪ ಎಷ್ಟು ನಕ್ಕರು ಎಂದು ಅವಳನ್ನು ಕೇಳಬೇಕಿತ್ತು. ಕೇಳುವ ದಿನ ಅದಾಗಿರಲಿಲ್ಲ.