ಬೆಂಚು ಕೇಳಿದ ಪ್ರಶ್ನೆ

ದ್ವಾರಕಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಪಾರ್ಕಿನ ಬೆಂಚಿನಡಿ ನಾನೊಂದು ಸ್ಪೀಕರ್ ಕೂರಿಸಿದ್ದೆ. ಯಾರು ಕೂತರೂ ನನ್ನಮ್ಮನ ದನಿ ಕನ್ನಡದಲ್ಲಿ "ಊಟ ಆಯ್ತಾ?" ಅನ್ನುತ್ತಿತ್ತು. ನಾನು ಕಲಾವಿದ; ಜನರನ್ನು ಹೀಗೆ ಬೆಚ್ಚಿಬೀಳಿಸುವುದೇ ನನ್ನ ಕಲೆ. ಬೆಚ್ಚಿದವರು ದೂರು ಕೊಟ್ಟರು. ಸೊಸೈಟಿಯವರು ತೆಗೆಯಿರಿ ಅಂದರು.

ಬಿಚ್ಚಲು ಹೋದಾಗ ದೂರು ಕೊಟ್ಟ ಆಂಟಿಯೇ ಅಲ್ಲಿ ಕೂತಿದ್ದರು. "ಯಾರೀಕೆ? ಕೂತಾಗಲೆಲ್ಲ ಏನಂತ ಬೈತಾಳೆ?" ಎಂದು ಹಿಂದಿಯಲ್ಲಿ ರೇಗಿದರು.

"ನಮ್ಮಮ್ಮ. ಬೈತಿಲ್ಲ ಆಂಟಿ, ಊಟ ಆಯ್ತಾ ಅಂತಿದ್ದಾಳೆ. ನಮ್ಮ ಕಡೆ ಯಾರು ಸಿಕ್ಕರೂ ಮೊದಲು ಅದನ್ನೇ ಕೇಳೋದು."

"ಅಚ್ಛಾ..." ಎಂದರು ಆಂಟಿ. ಆಮೇಲೆ ಬೆಂಚಿನಡಿಯ ಸ್ಪೀಕರಿನತ್ತ ಬಗ್ಗಿ, ಮೆಲ್ಲಗೆ ಹಿಂದಿಯಲ್ಲೇ, "ಹಾಂ ಜೀ, ನಂದಾಯ್ತು. ನಿಮ್ಮದು?" ಎಂದರು.

ಸ್ಪೀಕರಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಲ್ಲೇ ನಿಂತು ಊರಿಗೆ ಫೋನ್ ಮಾಡಿದೆ. "ಅಮ್ಮಾ, ಊಟ ಆಯ್ತಾ?"

ಅಮ್ಮನಿಗೆ ಗಾಬರಿಯಾಯಿತು. "ಯಾಕೋ, ಯಾವತ್ತೂ ಇಲ್ಲದ್ದು ನೀನು ಕೇಳ್ತಿದ್ದೀಯ, ಏನಾಯ್ತು? ಹುಷಾರಾಗಿದ್ದೀಯ ತಾನೇ?"