ಜಗಲಿಯನ್ನು ನುಂಗಿದ ರಸ್ತೆ

ನಮ್ಮ ಮನೆಯ ಕಲ್ಲುಜಗಲಿಯ ಮೇಲೆ ಕೂತರೆ ನನ್ನ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಈ ವಯಸ್ಸಿನಲ್ಲೂ ಉದ್ದ ಬೆಳೆಯುತ್ತಿದ್ದೇನೆಂದು ಬೀದಿಯವರನ್ನೆಲ್ಲ ನಂಬಿಸಿದ್ದೆ. ನಂಬಿಸುವ ವಿದ್ಯೆಯಲ್ಲಿ ಹೊಳೆನರಸೀಪುರದಲ್ಲಿ ನನ್ನನ್ನು ಮೀರಿಸಿದವರಿಲ್ಲ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ಬೆಳೆದದ್ದು ನಾನಲ್ಲ, ರಸ್ತೆ.

ಅಪ್ಪ ಊರಾಚೆ ಈ ಮನೆ ಕಟ್ಟಿಸಿದಾಗ ಮುಂದಿದ್ದದ್ದು ಗದ್ದೆಯ ಬದು. ಜಗಲಿಯಿಂದ ಕಾಲು ಇಳಿಬಿಟ್ಟು ಆಡಿಸುತ್ತಿದ್ದೆ, ನೆಲ ಸಿಗುತ್ತಿರಲಿಲ್ಲ. ಆಮೇಲೆ ಬದುವಿನ ಮೇಲೆ ಮಣ್ಣು ಬಿತ್ತು, ಗದ್ದೆ ಬಡಾವಣೆಯಾಯಿತು, ಮಣ್ಣಿನ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಟಾರು, ಕಿತ್ತುಹೋದ ಟಾರಿನ ಮೇಲೆ ಮತ್ತೆ ಟಾರು, ಅದರ ಮೇಲೆ ಕಾಂಕ್ರೀಟು. ಪ್ರತಿ ಸಲವೂ ಗುದ್ದಲಿ ಪೂಜೆ, ಹಾರ, ಭಾಷಣ. ಹಳೆಯದನ್ನು ಕೆರೆದು ತೆಗೆಯಬೇಕೆಂದು ಮಾತ್ರ ಒಬ್ಬನಿಗೂ ಹೊಳೆಯಲಿಲ್ಲ. ಹೆಂಚಿನ ಮೇಲಿನ ದೋಸೆ ಎಬ್ಬಿಸದೆ ಅದರ ಮೇಲೆಯೇ ಇನ್ನೊಂದು ಹೊಯ್ಯುವ ಮಂಕುದಿಣ್ಣೆ ಯಾವ ಮನೆಯಲ್ಲಿದ್ದಾನೆ ಹೇಳಿ? ರಸ್ತೆಗೆ ಏರುವ ಭಾಗ್ಯ, ನಮಗೆ ಮುಳುಗುವ ಭಾಗ್ಯ. ಹೋದ ಮಳೆಗಾಲದಲ್ಲಿ ಬೀದಿಯ ನೀರು ಹೊಸ್ತಿಲು ದಾಟಿ ಬಂದು ಅಕ್ಕಿಮೂಟೆಯನ್ನೇ ನೆನೆಸಿತು.

ಈ ವರ್ಷ ಮತ್ತೊಂದು ಪದರಕ್ಕೆಂದು ಜಲ್ಲಿ ತಂದು ಸುರಿದರು. ಕಂಟ್ರಾಕ್ಟರನನ್ನು ಕಾಫಿಗೆ ಕರೆದು ಅದೇ ಜಗಲಿಯ ಮೇಲೆ ಕೂರಿಸಿದೆ. ಭಾರಿ ಆಳು; ಕಾಫಿ ಮುಗಿಯಿತು, ಏಳಲಾಗಲಿಲ್ಲ.

“ಒಸಿ ಕೈ ಕೊಡಿ ಯಜಮಾನ್ರೇ, ಮ್ಯಾಕ್ಕೇಳಕ್ಕಾಯ್ತಿಲ್ಲ.”

“ನೀನೇ ಇಳಿಸಿರೋ ಜಗಲಿ ಕಣಪ್ಪ. ಅಳೇ ರಸ್ತೆ ಕೆರೆಸ್ತೀನಿ ಅನ್ನು, ಎತ್ತೀನಿ.”

“ಆಯ್ತು, ನಿಮ್ಮನೆ ಮುಂದೆ ಕೆರೆಸ್ತೀನಿ. ಕೊಡಿ ಅತ್ಲಾಗೆ ಕೈಯ.”

ಗೆದ್ದೆನೆಂದು ಬೀದಿಯುದ್ದಕ್ಕೂ ಕೊಚ್ಚಿಕೊಂಡೆ. ಆತ ಮಾತಿಗೆ ತಪ್ಪಲಿಲ್ಲ. ನಮ್ಮ ಮನೆಯ ಮುಂದಷ್ಟೇ ಕೆರೆಸಿ, ಆಚೀಚೆ ಎಂದಿನಂತೆ ಪದರ ಏರಿಸಿ ಹೋದ. ಮೊದಲ ಮಳೆಗೇ ಇಡೀ ಬೀದಿಯ ನೀರು ನಮ್ಮ ಬಾಗಿಲಲ್ಲಿ ಬಂದು ನಿಂತಿತು.

ನನ್ನ ಹೆಂಡತಿ ಹೊಸ್ತಿಲಿಗೆ ಗೋಣಿಚೀಲ ಒತ್ತುತ್ತಾ ಅಂದಳು: “ಒಳೆ ನೋಡಕ್ಕೆ ಇನ್ನೆಲ್ಲೂ ಓಗೋದು ಬ್ಯಾಡ ಬುಡಿ. ಬೀದಿಗೆಲ್ಲ ಕೇಳ್ದೆ ನಮ್ಮನೆಗೊಂದೇ ಕೇಳುದ್ರೆ ಇನ್ನೇನಾದದು?”

ಮಾತು ಚುಚ್ಚಿತು. ಬೀದಿಯದಾದ ರಸ್ತೆಯನ್ನು ನಾನೂ ನನ್ನ ಜಗಲಿಯ ಉದ್ದಕ್ಕೇ ಕತ್ತರಿಸಿ ಬೇಡಿದೆನಲ್ಲ. ಆದರೆ ನೀರು ಎತ್ತ ಹರಿಯುತ್ತದೆಂದು ನಾನು ಮರೆತರೆ, ರಸ್ತೆ ಹಾಕುವುದೇ ಕಸುಬಾದವನೂ ಮರೆಯಬೇಕೆ?

ಈಗ ಅದೇ ಜಗಲಿಯಿಂದ ಚಿಕ್ಕಂದಿನ ಹಾಗೆ ಕಾಲು ಇಳಿಬಿಟ್ಟು ಕೂತಿದ್ದೇನೆ. ಕೆಳಗೆ ಗದ್ದೆಯಿಲ್ಲ, ಪಾದ ಮುಟ್ಟುವ ಕೆಸರುನೀರಿದೆ. ರಸ್ತೆಯ ಉದ್ಘಾಟನೆಗೆ ಕಂಟ್ರಾಕ್ಟರ್ ಬಂದೇ ಬರುತ್ತಾನೆ. ಕಾಫಿ ಈ ಸಲ ಬೀದಿಯ ಮೊದಲನೆಯ ಮನೆಯಿಂದ ಶುರು. ರಸ್ತೆಗೆ ಹೂತುಹೋದ ಒಂದೊಂದು ಜಗಲಿಯ ಮೇಲೂ ಮರ್ಯಾದೆಯಿಂದ ಕೂರಿಸುತ್ತೇವೆ. ಬೀದಿಯನ್ನೆಲ್ಲ ಕೆರೆಸುತ್ತೇನೆ ಎನ್ನುವ ತನಕ ಯಾರೂ ಕೈ ಕೊಡುವುದಿಲ್ಲ.