ಬೆಂಕಿರೋಗದ ಮಡಿ ಕಾದ ಗೋಣೆಪ್ಪ

ಗದ್ದೆಗೆ ರೋಗ ಬರದಿರಲಿ ಎಂದು ಊರಿನವರೆಲ್ಲ ಕೈಮುಗಿಯುತ್ತಿದ್ದ ಹೊತ್ತಿನಲ್ಲಿ, ರೋಗ ಚೆನ್ನಾಗಿ ಹತ್ತಲಿ ಎಂದು ಸಂಜೆ ಸಂಜೆ ಪೈರಿಗೆ ನೀರು ಚಿಮುಕಿಸುವ ಕೆಲಸ ಗೋಣೆಪ್ಪನದಾಗಿತ್ತು.

ಅವನು ಜಗಳೂರು ತಾಲ್ಲೂಕಿನ ಸೊಕ್ಕೆಯವನು. ಜೋಳ, ಸಜ್ಜೆ, ಕುರಿಹಟ್ಟಿ, ಇವಿಷ್ಟನ್ನು ನೋಡಿಕೊಂಡು ಬೆಳೆದವನು. ನಿಂತ ನೀರಿನಲ್ಲಿ ಪೈರು ಬೆಳೆಯುವುದನ್ನು ಇಪ್ಪತ್ತು ದಾಟುವ ತನಕ ಕಂಡಿರಲಿಲ್ಲ. ಅವನ ದೂರದ ನೆಂಟರೊಬ್ಬರು ಹೊನ್ನಾಳಿ ಕಡೆ ನೀರಾವರಿ ಚಾನಲ್ ಕೆಳಗೆ ಗದ್ದೆ ಮಾಡಿಕೊಂಡು ನೆಲೆ ನಿಂತಿದ್ದರು. ಒಂದು ವರ್ಷ ಅವರ ಮನೆಗೆ ಭತ್ತದ ಕೊಯ್ಲಿಗೆಂದು ಹೋದ ಗೋಣೆಪ್ಪ ಅಲ್ಲೇ ಉಳಿದುಬಿಟ್ಟ. ಮಾತು ಕಡಿಮೆ, ಕೆಲಸಕ್ಕೆ ಹಿಂದೆಗೆಯದ ಹುಡುಗ ಎಂದು ಆ ಮನೆಯವರು ತಮ್ಮ ಮಗಳು ಶಂಕರಮ್ಮನನ್ನೇ ಅವನಿಗೆ ಕೊಟ್ಟರು. ಅವಳ ಅಣ್ಣ ಹಾಲೇಶಪ್ಪ ಓಡಾಡಿ, ಊರೊಳಗೆ ಇವರಿಬ್ಬರಿಗೆ ಒಂದು ಬಾಡಿಗೆ ಮನೆ ಹುಡುಕಿಕೊಟ್ಟ.

ಊರ ಹೊರಗೆ, ಚಾನಲ್ ದಾಟಿದರೆ, ಸರ್ಕಾರದ ಒಂದು ಸಣ್ಣ ಪ್ರಯೋಗದ ಹೊಲವಿತ್ತು. ಜನ ಅದನ್ನು ಫಾರಂ ಎನ್ನುತ್ತಿದ್ದರು. ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಗೋಣೆಪ್ಪ ಅಲ್ಲಿ ಕೆಲಸಕ್ಕೆ ಸೇರಿದ. ಫಾರಮ್ಮಿನ ಅಧಿಕಾರಿ ಮಹೇಶ್ವರಪ್ಪ, ಚನ್ನಗಿರಿಯವರು. ಭತ್ತದ ತಳಿಗಳ ಮೇಲೆ ಓದಿ ಬಂದವರು, ಕನ್ನಡಕ ಒರೆಸಿಕೊಳ್ಳುತ್ತಲೇ ಮಾತಾಡುವವರು. ಒಂದು ದಿನ ಗೋಣೆಪ್ಪನನ್ನು ಗದ್ದೆಯ ಮೂಲೆಗೆ ಕರೆದುಕೊಂಡು ಹೋಗಿ ಕೇಳಿದರು.

“ನಿಮ್ಮೂರಾಗೆ ಬೀಜದ ಟಗರು ಹೆಂಗೆ ಆರಿಸ್ತೀರಿ ಗೋಣೆಪ್ಪ?”

“ಎದೆ ಅಗಲ, ಎತ್ತರ ನೋಡ್ತೀವಿ ಸಾರ್. ಬ್ಯಾನಿ ಬಂದ ವರ್ಷ ಹಟ್ಟಿಯೆಲ್ಲ ಮಲಗಿದ್ರೂ ಒಂದು ಎರಡು ನಿಂತಿರ್ತಾವಲ್ಲ, ಅವನ್ನ ಮಾರಂಗಿಲ್ಲ. ಬೀಜಕ್ಕೆ ಇಟ್ಕೊಂತೀವಿ.”

“ಇಲ್ಲೂ ಅದೇ ಕೆಲಸ. ಆದ್ರೆ ಬ್ಯಾನಿ ತಾನಾಗಿ ಬರೋವರೆಗೂ ಕಾಯಾಕೆ ನಮಗೆ ಪುರಸೊತ್ತಿಲ್ಲ. ನಾವೇ ಕರಕೊಂಡು ಬರಬೇಕು.”

ಹಾಗೆ ಬೆಂಕಿರೋಗದ ಮಡಿ ಗೋಣೆಪ್ಪನ ಪಾಲಿಗೆ ಬಂತು.

ಬೆಂಕಿರೋಗವೆಂದರೆ ಒಂದು ಬಗೆಯ ಬೂಷ್ಟು, ಬರಿಗಣ್ಣಿಗೆ ಕಾಣುವುದಿಲ್ಲ. ಭತ್ತದ ಎಲೆಯ ಮೇಲೆ ಕಣ್ಣಿನಾಕಾರದ ಚುಕ್ಕೆ ಮೂಡಿಸುತ್ತದೆ. ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ಚುಕ್ಕೆಗಳು ಕೂಡಿಕೊಂಡವೆಂದರೆ ಗದ್ದೆ ಸುಟ್ಟಂತೆ ಕಾಣುತ್ತದೆ. ತೆನೆಯ ಕುತ್ತಿಗೆಗೆ ಹತ್ತಿತೆಂದರೆ ಕಾಳೇ ಕಟ್ಟುವುದಿಲ್ಲ. ಹೆಚ್ಚು ಇಳುವರಿಯ ಗಿಡ್ಡ ತಳಿಗಳು ಅದಕ್ಕೆ ಬೇಗ ಸೋಲುತ್ತಿದ್ದವು. ನ್ಯಾಮತಿಯ ಆಚೆ ಗುಡ್ಡದ ಅಂಚಿನಲ್ಲಿ ಮುದುಕರು ಬೆಳೆಯುತ್ತಿದ್ದ ಕೆಂಪಕ್ಕಿಯ ಭತ್ತವೊಂದು ಮಾತ್ರ ಜಗ್ಗುತ್ತಿರಲಿಲ್ಲ. ಆದರೆ ಅದು ಎದೆಮಟ್ಟ ಬೆಳೆದು ಗಾಳಿಗೆ ಮಲಗುವ ಜಾತಿ, ಕಾಳೂ ಕಡಿಮೆ. ಮಹೇಶ್ವರಪ್ಪ ಈ ಎರಡನ್ನು ಕೂಡಿಸಿದರು. ಗಿಡ್ಡ ತಳಿಯ ಹೂವು ಅರಳುವ ಮುಂಚೆ ಸಿಪ್ಪೆಯ ತುದಿ ಕತ್ತರಿಸಿ, ಅದರ ಗಂಡು ಭಾಗವನ್ನು ಚಿಮುಟದಿಂದ ತೆಗೆದು, ಕೆಂಪಕ್ಕಿ ಭತ್ತದ ಪರಾಗವನ್ನು ಉದುರಿಸಿ, ತೆನೆಗೆ ಕಾಗದದ ಚೀಲ ಕಟ್ಟಿದರು. ಅದರಿಂದ ಬಂದ ಕಾಳು, ಆ ಕಾಳಿನ ಮಕ್ಕಳು, ಮೊಮ್ಮಕ್ಕಳು, ಒಂದೊಂದರ ಸಂತಾನಕ್ಕೂ ಮಡಿಯಲ್ಲಿ ಒಂದೊಂದು ಗೇಣಗಲದ ಸಾಲು. ಕೆಲವು ತಾಯಿಯಂತೆ ಗಿಡ್ಡ, ಕೆಲವು ತಂದೆಯಂತೆ ಉದ್ದ. ಯಾವುದರೊಳಗೆ ರೋಗ ತಡೆಯುವ ಗುಣ ಇಳಿದಿದೆ ಎಂಬುದು ಹೊರಗಿನಿಂದ ನೋಡಿದರೆ ತಿಳಿಯುವಂತಿರಲಿಲ್ಲ. ಬೆಂಕಿಗೆ ಒಡ್ಡಿಯೇ ತಿಳಿಯಬೇಕು.

ಅದಕ್ಕೇ ಗೋಣೆಪ್ಪ ಮಡಿಯ ಸುತ್ತ ಬೇಗ ರೋಗ ಹಿಡಿಯುವ ಹಳೆಯ ಭತ್ತವನ್ನು ಒತ್ತಾಗಿ ಬಿತ್ತುತ್ತಿದ್ದ. ಯೂರಿಯಾ ಕೈತುಂಬ ಚೆಲ್ಲುತ್ತಿದ್ದ. ಸಂಜೆ ನೀರು ಚಿಮುಕಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬೆಳಗಾದ ಮೇಲೆ ಸರಿಸುತ್ತಿದ್ದ. ರೋಗ ಹತ್ತಿ ಸುಟ್ಟ ಸಾಲುಗಳನ್ನು ಕಿತ್ತುಹಾಕಿ, ಹಸಿರಾಗಿ ಉಳಿದವಕ್ಕೆ ಕಡ್ಡಿ ನೆಡುತ್ತಿದ್ದ. ಬೇಸಿಗೆಯಲ್ಲಿ ರೋಗ ಸತ್ತುಹೋಗಬಾರದೆಂದು ಸುಟ್ಟ ಹುಲ್ಲನ್ನು ಗೋಣಿಯಲ್ಲಿ ಕಟ್ಟಿ ಅಟ್ಟದ ಮೇಲಿಟ್ಟು, ಮಳೆಗಾಲಕ್ಕೆ ಮತ್ತೆ ಮಡಿಯ ಮೇಲೆ ಹರಡುತ್ತಿದ್ದ. ಬಿತ್ತನೆ ಭತ್ತವನ್ನಾದರೂ ಅಷ್ಟು ಜೋಪಾನವಾಗಿ ಯಾರೂ ಇಡುತ್ತಿರಲಿಲ್ಲ.

“ಇಲ್ಲಿಂದ ಹೋಗುವಾಗ ಚಾನಲ್‌ನಾಗೆ ಮೈ ತೊಳಕೋ, ಬಟ್ಟೆ ಬದಲಾಯಿಸು. ಬೇರೆಯವರ ಗದ್ದೆ ಬದುವಿನ ಮೇಲೆ ಹಂಗೇ ಹೋಗಬ್ಯಾಡ” ಎಂದಿದ್ದರು ಮಹೇಶ್ವರಪ್ಪ. ಗೋಣೆಪ್ಪ ಒಂದು ದಿನವೂ ತಪ್ಪಿಸಲಿಲ್ಲ. ಕೊರೆಯುವ ಚಳಿಯಲ್ಲೂ ಅವನು ನೀರಿಗಿಳಿಯುವುದನ್ನು ಊರಿನವರು ದಂಡೆಯ ಮೇಲಿಂದ ನೋಡುತ್ತಿದ್ದರು. ಏನೂ ಇಲ್ಲದಿದ್ದರೆ ಇಷ್ಟೊಂದು ಯಾಕೆ ತೊಳೆದುಕೊಳ್ಳುತ್ತಾನೆ ಎಂಬ ಮಾತು ಅಲ್ಲಿಂದಲೇ ಹುಟ್ಟಿತು. ಅವನ ಎಚ್ಚರಿಕೆಯೇ ಅವನ ಮೇಲಿನ ಸಾಕ್ಷಿಯಾಯಿತು. ಬರಬರುತ್ತ ಕೊಯ್ಲಿಗೆ ಅವನನ್ನು ಕರೆಯುವುದು ನಿಂತಿತು. ಬದುವಿನ ಮೇಲೆ ಎದುರಾದವರು ನೀರಿದ್ದರೂ ಗದ್ದೆಗಿಳಿದು ದಾರಿ ಬಿಡುತ್ತಿದ್ದರು. ಅದು ಮರ್ಯಾದೆಯಲ್ಲ ಎಂದು ತಿಳಿಯಲು ಅವನಿಗೆ ಸ್ವಲ್ಪ ಕಾಲ ಹಿಡಿಯಿತು.

ಎಪ್ಪತ್ತೇಳರ ಮಳೆಗಾಲ ಬಿಡದೆ ಹಿಡಿಯಿತು. ಬಿಸಿಲೇ ಕಾಣದ ವಾರಗಳು, ಆಮೇಲೆ ದಟ್ಟ ಇಬ್ಬನಿ. ಹಾಲೇಶಪ್ಪನ ಗದ್ದೆಯಲ್ಲಿ ತೆನೆಗಳು ಬೆಳ್ಳಗಾಗಿ ನೆಟ್ಟಗೆ ನಿಂತವು. ತೂಗಬೇಕಾದ ತೆನೆ ನೆಟ್ಟಗೆ ನಿಂತರೆ ಒಳಗೆ ಕಾಳಿಲ್ಲವೆಂದೇ ಅರ್ಥ. ಅಕ್ಕಪಕ್ಕದ ಗದ್ದೆಗಳೂ ಹಾಗೇ ಆದವು. ಗೋಣೆಪ್ಪ ಅದನ್ನು ಕಂಡ ಬೆಳಿಗ್ಗೆಯೇ ಹೋಗಿ ಮಹೇಶ್ವರಪ್ಪನವರನ್ನು ಕೇಳಿದ.

“ಸಾರ್, ನಮ್ಮ ಮಡಿಯಿಂದ ಹೋಗಿದ್ದಾ ಅದು?”

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ಈ ವರ್ಷ ಎಲ್ಲಾ ಕಡೆನೂ ಬಂದೈತೆ ಗೋಣೆಪ್ಪ. ನಮ್ಮ ಫಾರಂ ಇಲ್ಲದ ಊರಾಗೂ ಬಂದೈತೆ. ಆದ್ರೆ ಅದು ಗಾಳಿಯಾಗೆ ಹೋಗೋ ಬೀಜ. ನಮ್ಮಿಂದ ಹೋಗೇ ಇಲ್ಲ ಅಂತ ನಾನು ಆಣೆ ಇಟ್ಟು ಹೇಳಲಾರೆ.”

ಮಾರನೆಯ ದಿನ ಊರಿನವರು ಆಲದ ಕಟ್ಟೆಯ ಮೇಲೆ ಸೇರಿ ಗೋಣೆಪ್ಪನನ್ನು ಕರೆಸಿದರು. ಹಿರಿಯನಾಗಿ ಕೂತಿದ್ದ ಮರುಳಪ್ಪ ಮೆತ್ತಗೇ ಕೇಳಿದ. “ನೋಡಪ್ಪಾ, ಯಾರೂ ಜಗಳಕ್ಕೆ ಬಂದಿಲ್ಲ. ನೀ ಸಾಕಿದ ರೋಗ ನಮ್ಮ ಗದ್ದೀಗೆ ಬಂದೈತೋ ಇಲ್ಲೋ, ಅಷ್ಟು ಹೇಳು.”

“ನನಗೆ ಗೊತ್ತಿಲ್ಲ” ಎಂದ ಗೋಣೆಪ್ಪ.

ಹಾಲೇಶಪ್ಪ ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಮನೆಯಲ್ಲಿ ಶಂಕರಮ್ಮ ಒಲೆಯ ಮುಂದೆ ಕೂತವಳು ಹಿಂದಕ್ಕೆ ತಿರುಗದೆ ಕೇಳಿದಳು. “ಇಲ್ಲ ಅಂತ ಒಂದು ಮಾತು ಅಂದಿದ್ರೆ ಏನು ಹೋಗ್ತಿತ್ತು ನಿಮ್ಮ ಗಂಟು?”

“ಗೊತ್ತಿಲ್ಲದ್ದನ್ನ ಇಲ್ಲ ಅಂತ ಹೆಂಗೆ ಅನ್ನಲಿ?”

“ಐತೆ ಅಂತನೂ ಗೊತ್ತಿಲ್ವಲ್ಲ.”

“ಅದಕ್ಕೇ ಗೊತ್ತಿಲ್ಲ ಅಂದೆ.”

ಅವಳು ಒಲೆಗೆ ಇನ್ನೊಂದು ಸೌದೆ ನೂಕಿದಳು. ಸ್ವಲ್ಪ ದಿನಕ್ಕೆ ಹಾಲೇಶಪ್ಪ ತಂಗಿಯ ಕೈಲಿ ಹೇಳಿಕಳಿಸಿದ: ಫಾರಂ ಬಿಟ್ಟು ಬರಲಿ, ನಮ್ಮ ಜೊತೆ ಗದ್ದೆ ಮಾಡಲಿ, ಆದದ್ದನ್ನು ಎಲ್ಲರೂ ಮರೆಯೋಣ. ಅದು ದೊಡ್ಡ ಮನಸ್ಸಿನ ಮಾತೇ ಆಗಿತ್ತು. ಗೋಣೆಪ್ಪನಿಗೂ ಹಾಗೇ ಅನಿಸಿತು. ಆದರೆ ಅಷ್ಟು ಹೊತ್ತಿಗೆ ನೂರಾರು ಸಾಲುಗಳು ಸುಟ್ಟು ಕೊನೆಗೆ ಹನ್ನೊಂದು ಉಳಿದಿದ್ದವು. ಒಂದು ಹಂಗಾಮು ಮಡಿ ತಪ್ಪಿದರೆ ಅಷ್ಟು ವರ್ಷದ ಆಯ್ಕೆ ಮಣ್ಣುಪಾಲು. ಇನ್ನೊಬ್ಬನನ್ನು ಹುಡುಕಬಹುದಿತ್ತು, ಆದರೆ ಊರಿನಲ್ಲಿ ಆ ಕೆಲಸಕ್ಕೆ ಬರುವವರು ಯಾರು? “ಈ ಸುಗ್ಗಿ ಕಳೀಲಿ” ಎಂದ ಗೋಣೆಪ್ಪ. ಸುಗ್ಗಿ ಕಳೆದ ಮೇಲೂ ಅದನ್ನೇ ಅಂದ.

ಆಗ ಹಾಲೇಶಪ್ಪನ ಹೆಂಡತಿಗೆ ದಿನ ತುಂಬಿತ್ತು. ಬಾಣಂತನಕ್ಕೆ ಆಗುವೆನೆಂದು ಶಂಕರಮ್ಮ ಎರಡು ಸೀರೆ ತೆಗೆದುಕೊಂಡು ಅಣ್ಣನ ಮನೆಗೆ ಹೋದಳು. ಹೆರಿಗೆಯಾದ ಮೇಲೆ ಅತ್ತಿಗೆ ಏಳಲಿಲ್ಲ. ಜ್ವರ ಹತ್ತಿ ತೀರಿಕೊಂಡಳು. ಹಸುಗೂಸು ಒಂದು, ನಡೆಯಲು ಕಲಿಯುತ್ತಿದ್ದ ಹುಡುಗಿ ಒಂದು. ಗೋಣೆಪ್ಪ ಮಣ್ಣಿಗೆ ಹೋಗಿ ಹಿಂದೆ ನಿಂತು ಬಂದ. ಶಂಕರಮ್ಮ ಉಳಿದ ಸೀರೆಗಳನ್ನು ತರಿಸಿಕೊಂಡಳು. ಗಂಡನನ್ನು ಬಿಟ್ಟೆನೆಂದು ಅವಳೂ ಹೇಳಲಿಲ್ಲ, ಬಿಟ್ಟಳೆಂದು ಇವನೂ ತಿಳಿಯಲಿಲ್ಲ. ದಿನಗಳು ಮಾತ್ರ ಹಾಗೇ ಉರುಳಿದವು.

ಒಬ್ಬನಿಗೆ ಬಾಡಿಗೆ ಮನೆ ಯಾಕೆಂದು ಗೋಣೆಪ್ಪ ಫಾರಮ್ಮಿನ ಪಂಪ್‌ಸೆಟ್ ಕೋಣೆಗೆ ಬಂದ. ಅಳತೆ ತಪ್ಪಿ ಇಬ್ಬರಿಗಾಗುವಷ್ಟು ಮುದ್ದೆ ಮಾಡಿ, ಉಳಿದದ್ದನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಿದ್ದ. ಅಮಾವಾಸ್ಯೆಗೆ ಫಾರಂ ರಜ, ಭಾನುವಾರ ರಜ, ರೋಗಕ್ಕೆ ರಜವಿಲ್ಲ. ಬೇರೆ ಆಳುಗಳಿಲ್ಲದ ಆ ದಿನಗಳಲ್ಲಿ ಅವನು ಹಾಳೆ ಹೊದಿಸಿ, ಹಾಳೆ ಸರಿಸಿ, ಒಂದು ಮಾತೂ ಆಡದೆ ದಿನ ಮುಗಿಸುತ್ತಿದ್ದ. ಸೋಮವಾರ ಮಹೇಶ್ವರಪ್ಪ ಏನಾದರೂ ಕೇಳಿದರೆ ಗಂಟಲು ಸರಿಮಾಡಿಕೊಂಡೇ ಉತ್ತರ ಕೊಡಬೇಕಾಗುತ್ತಿತ್ತು. ಸೊಕ್ಕೆಗೆ ಹೋದರೆ ಅಲ್ಲಿಯವರಿಗೆ ಅವನ ಕೆಲಸವೇ ಅರ್ಥವಾಗುತ್ತಿರಲಿಲ್ಲ. “ಬೆಳೆ ಕೆಡಸಾಕೆ ಸರ್ಕಾರ ಸಂಬಳ ಕೊಡ್ತೈತಾ?” ಎಂದು ತಮ್ಮ ಮಾರಪ್ಪ ನಕ್ಕ. ಗೋಣೆಪ್ಪ ಹೋಗುವುದನ್ನೇ ಕಡಿಮೆ ಮಾಡಿದ.

ಎಂಬತ್ತೊಂದರ ಹೊತ್ತಿಗೆ ಹನ್ನೊಂದರಲ್ಲಿ ಒಂದು ಸಾಲು ಗೆದ್ದಿತು. ಗಿಡ್ಡ ಗಿಡ, ತುಂಬು ತೆನೆ, ಸುತ್ತಲಿನದೆಲ್ಲ ಸುಟ್ಟು ನಿಂತರೂ ಅದರ ಎಲೆಯ ಮೇಲೆ ಸೂಜಿಮೊನೆಯಷ್ಟು ಚುಕ್ಕೆಗಿಂತ ಹೆಚ್ಚೇನೂ ಇಲ್ಲ. ಬೀಜ ಹೆಚ್ಚಿಸಿ ರೈತರಿಗೆ ಕೊಟ್ಟರು. ಮೊದಲ ವರ್ಷ ಧೈರ್ಯ ಮಾಡಿದವರು ಕೆಲವರೇ. ಮೂರನೆಯ ವರ್ಷಕ್ಕೆ ಚಾನಲ್ ಕೆಳಗೆ ಬೇರೆ ಭತ್ತವೇ ಇರಲಿಲ್ಲ. ಹಾಲೇಶಪ್ಪನೂ ಬಿತ್ತಿದ. ಬೀಜ ಎಲ್ಲಿಂದ ಬಂತೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಆ ಮಾತು ಎತ್ತಲಿಲ್ಲ.

ಒಂದು ಕೊಯ್ಲಿನಲ್ಲಿ ಗೋಣೆಪ್ಪ ದೂರದ ಬದುವಿನ ಮೇಲೆ ನಿಂತು ಆ ಗದ್ದೆ ನೋಡುತ್ತಿದ್ದಾಗ ಬುತ್ತಿ ತಂದಿದ್ದ ಶಂಕರಮ್ಮ ಕಂಡಳು. ತಲೆಗೂದಲು ಅಲ್ಲಲ್ಲಿ ನರೆತಿತ್ತು.

“ಊಟ ಮಾಡ್ಕೊಂಡು ಹೋಗ್ರಿ” ಎಂದಳು.

ಅವನು ಕೂತು ಉಂಡ. ಅನ್ನ ಉದುರುದುರಾಗಿತ್ತು. ಕೈ ತೊಳೆದ ಮೇಲೆ ಕೇಳಿದ, “ಮನೀಗೆ ಬರ್ತೀಯಾ?”

“ಯಾವ ಮನೀಗೆ?” ಎಂದಳು ಅವಳು. ಕುಹಕವಿರಲಿಲ್ಲ, ನಿಜವಾಗಿಯೇ ಕೇಳಿದಳು. ಗೋಣೆಪ್ಪನಿಗೆ ಪಂಪ್‌ಸೆಟ್ ಕೋಣೆ ನೆನಪಾಯಿತು. “ಆ ಸಣ್ಣದು ನನ್ನನ್ನೇ ಅವ್ವ ಅಂತೈತೆ. ಅದನ್ನ ಬಿಟ್ಟು ಹೆಂಗೆ ಬರಲಿ?” ಎಂದು ಅವಳೇ ಹೇಳಿ ಬುಟ್ಟಿ ಎತ್ತಿಕೊಂಡಳು.

ಎಂಬತ್ತೈದರ ಒಂದು ಬೆಳಿಗ್ಗೆ ಹಾಳೆ ಸರಿಸಿದಾಗ ಗೆದ್ದ ಸಾಲಿನ ಒಂದು ಎಲೆಯ ಮೇಲೆ ಚುಕ್ಕೆ ಕಂಡಿತು. ಸೂಜಿಮೊನೆಯದಲ್ಲ, ಕಣ್ಣಿನಾಕಾರದ್ದು, ನಡುವೆ ಬೂದಿ. ಗೋಣೆಪ್ಪ ಎಲೆಯನ್ನು ಬೆರಳಿನಿಂದ ಉಜ್ಜಿದ. ಅದು ಹೋಗುವಂಥದ್ದಲ್ಲವೆಂದು ಗೊತ್ತಿದ್ದೂ ಉಜ್ಜಿದ. ಆಮೇಲೆ ಕಾಲು ಮಡಚಿ ಬದುವಿನ ಮೇಲೆ ಕೂತ.

ಮಹೇಶ್ವರಪ್ಪ ಬಂದು ಎಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ವಾರದೊಳಗೆ ಚನ್ನಗಿರಿ ಕಡೆಯಿಂದಲೂ ಇದೇ ಸುದ್ದಿ ಬಂತು.

“ಭತ್ತ ಹಂಗೇ ಐತೆ ಗೋಣೆಪ್ಪ. ಬೂಷ್ಟು ಬದಲಾಗೈತೆ” ಎಂದರು. “ಅದೂ ಜೀವ ಅಲ್ಲವಾ, ಅದಕ್ಕೂ ಸಂತಾನ ಐತೆ. ಕೋಟಿ ಮರಿಯಾಗೆ ಒಂದು ಬೇರೆ ಥರ ಹುಟ್ಟಿದ್ರೆ ಸಾಕು. ಎಲ್ಲಾ ಗದ್ದೆಯಾಗೂ ಒಂದೇ ಭತ್ತ ಇದ್ದಾಗ ಆ ಒಂದಕ್ಕೆ ಊರೆಲ್ಲ ಊಟ.”

“ಹಂಗಾದ್ರೆ ನಾವು ಇಷ್ಟು ವರ್ಷ ಮಾಡಿದ್ದು?”

“ಜನ ಉಂಡ್ರಲ್ಲ” ಎಂದರು ಅವರು. ಅವರ ದನಿಯಲ್ಲೂ ಕಸುವಿರಲಿಲ್ಲ.

ಗೋಣೆಪ್ಪ ಮೈ ತೊಳೆದು ಒಗೆದ ಅಂಗಿ ಹಾಕಿಕೊಂಡು ಹಾಲೇಶಪ್ಪನ ಮನೆಯ ಮೆಟ್ಟಿಲು ಹತ್ತಿದ. ಎಂಟು ವರ್ಷವಾಗಿತ್ತು ಆ ಮನೆಯ ಒಳಗೆ ಕಾಲಿಟ್ಟು. ಕೂರು ಎನ್ನುವ ಮುಂಚೆಯೇ ಹೇಳಿದ. “ಭಾವ, ಈ ಭತ್ತಕ್ಕೂ ರೋಗ ಹಿಡೀತು. ಇನ್ನು ಯೂರಿಯಾ ಹಾಕಬ್ಯಾಡ್ರಿ. ತೆನೆ ಬರೋದ್ರೊಳಗೆ ಔಷಧಿ ಹೊಡೀರಿ. ಮುಂದಿನ ವರ್ಷ ಒಂದೇ ತಳಿ ಹಾಕಬ್ಯಾಡ್ರಿ, ಎರಡು ಮೂರು ಥರ ಹಾಕ್ರಿ.”

ಹಾಲೇಶಪ್ಪ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ. “ನಿನ್ನ ಮಡಿಯಿಂದ ಬಂತಾ?”

“ಗೊತ್ತಿಲ್ಲ.”

ಹಾಲೇಶಪ್ಪ ಅವನ ಮುಖವನ್ನೇ ನೋಡಿದ. ಆಮೇಲೆ ಒಳಗೆ ಕೂಗಿದ, “ಶಂಕ್ರೀ, ಚಾ ಇಡು.” ತಪ್ಪಾಯಿತು ಎಂದು ಅವನು ಹೇಳಲಿಲ್ಲ. ಗೋಣೆಪ್ಪನೂ ಅದನ್ನು ಕೇಳಲು ಬಂದಿರಲಿಲ್ಲ. ಮಾತು ಊರೊಳಗೆ ಹರಡಿ, ಆ ವರ್ಷ ಹೇಳಿದಂತೆ ಮಾಡಿದವರಿಗೆ ಅರ್ಧಕ್ಕಿಂತ ಹೆಚ್ಚು ಬೆಳೆ ಉಳಿಯಿತು, ಹಾಲೇಶಪ್ಪನಿಗೂ. ಕೇಳದವರು ಮತ್ತೆ ಫಾರಮ್ಮನ್ನೇ ಬೈದರು.

ಮುಂದಿನ ವರ್ಷ ಮಹೇಶ್ವರಪ್ಪನವರಿಗೆ ವರ್ಗವಾಯಿತು. ಹೋಗುವ ಮುಂಚೆ ಅವರು ಹೊಸದಾಗಿ ನಾಲ್ಕು ಬೇರೆ ಬೇರೆ ನಾಡಭತ್ತಗಳನ್ನು ಕೂಡಿಸಿ ಬೀಜ ಮಾಡಿಟ್ಟು, ಗೋಣೆಪ್ಪನ ಎರಡೂ ಕೈ ಹಿಡಿದು ಒತ್ತಿ ಬಸ್ಸು ಹತ್ತಿದರು.

ದೀಪಾವಳಿಯ ಮಾರನೆಯ ದಿನ ಶಂಕರಮ್ಮ ಹೋಳಿಗೆ ಕಟ್ಟಿಕೊಂಡು ಫಾರಮ್ಮಿಗೆ ಬಂದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಮಡಿ ನೋಡಬೇಕೆಂದಳು. ಬದುವಿನ ಮೇಲೆ ನಿಂತು, ಸುಟ್ಟ ಸಾಲುಗಳ ನಡುವೆ ಅಲ್ಲಲ್ಲಿ ಉಳಿದ ಹಸಿರನ್ನು ಬಹಳ ಹೊತ್ತು ನೋಡಿದಳು.

“ಇಷ್ಟೇನಾ?” ಎಂದಳು.

“ಇಷ್ಟೇ.”

“ನಾನು ಏನೋ ದೊಡ್ಡದು ಅಂದ್ಕೊಂಡಿದ್ದೆ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೋಳಿಗೆಯ ಡಬ್ಬಿಯನ್ನು ಅವನ ಕೈಗಿಟ್ಟು, ಹುಡುಗರು ಊಟಕ್ಕೆ ಬರುವ ಹೊತ್ತಾಯಿತೆಂದು ಹೊರಟಳು. ಅವಳು ಚಾನಲ್ ದಂಡೆಯ ತಿರುವಿನಲ್ಲಿ ಮರೆಯಾಗುವ ತನಕ ಗೋಣೆಪ್ಪ ನಿಂತಿದ್ದ.

ಆ ಚಳಿಗಾಲ ಮುಗಿಯುವ ಹೊತ್ತಿಗೆ ಮಹೇಶ್ವರಪ್ಪ ಮಾಡಿಟ್ಟ ಬೀಜದ ಹೊಸ ಸಾಲುಗಳಲ್ಲಿ ಮೂರು ಹಸಿರಾಗಿ ಉಳಿದವು. ಹೊಸ ಅಧಿಕಾರಿ ಇನ್ನೂ ಬಂದಿರಲಿಲ್ಲ. ಹೇಳೋಣವೆಂದರೆ ಫಾರಮ್ಮಿನಲ್ಲಿ ಯಾರೂ ಇರಲಿಲ್ಲ. ಗೋಣೆಪ್ಪ ಮೂರಕ್ಕೂ ಕಡ್ಡಿ ನೆಟ್ಟು, ಕೋಣೆಗೆ ಬಂದು ಒಲೆ ಹಚ್ಚಿದ.